ಎರಡು ಹಾಲಿನ ನಡುವೆ

ಬೆಳಗಿನ ಹಾಲು ಕ್ಯಾನು ತುಂಬಿ ಲಾರಿ ಹತ್ತಿ ಹೋಗಿದೆ.
ಸಂಜೆಯ ಹಾಲು ಇನ್ನೂ ಹಸುವಿನೊಳಗೇ ಇದೆ.
ಈ ನಡುವಿನ ಹೊತ್ತು ನನ್ನದು.
ಕೆರಗೋಡಿನಾಚೆ ಮಹಿಳಾ ಡೈರಿಯ ಒಂದೇ ಕೋಣೆ,
ಒದ್ದೆ ನೆಲ, ಫಿನಾಯಿಲ್ಲಿನಡಿಯಲ್ಲಿ ಹುಳಿ ವಾಸನೆ,
ಮೂಲೆಯಲ್ಲಿ ಟವೆಲು ಹೊದ್ದು ಕೂತ ಕಂಪ್ಯೂಟರು.

ಹೊಸ ಡಿಸ್ಕು ತಂದಿದ್ದೇನೆ. ಇದರ ಕಣ್ಣಿಗೆ ಬೀಳುತ್ತಿಲ್ಲ.
"ಅದೇನು ಬದಲಾಯಿಸ್ತೀಯಪ್ಪ?" ಕಾರ್ಯದರ್ಶಿ ಜವರಮ್ಮ.
ಬಯಾಸು ಎಂದೆ. ಸುಮ್ಮನೆ ನೋಡಿದರು.
ಈಗ ತಾನೆ ಹುಟ್ಟಿದ ಕರು
ಯಾರೂ ಹೇಳಿಕೊಡದೆ ಕೆಚ್ಚಲ ಕಡೆ
ಮೂತಿ ತೂರಿಸುತ್ತದಲ್ಲ, ಆ ಬುದ್ಧಿ ಎಂದೆ.
ವಿಂಡೋಸು ಏಳುವುದಕ್ಕೂ ಮೊದಲಿನದು.
"ಅದಕ್ಕೇ ಕೈ ಹಾಕ್ತೀಯಾ!" ಎಂದು ಸೆರಗು ಬಿಗಿದರು.

ನನಗೂ ಭಯವೇ.
ಅಂಗಡಿಯ ಗೋಡೆಯಲ್ಲಿ ಒಂದು ಸತ್ತ ಬೋರ್ಡು ಮೊಳೆಗೆ ನೇತಿದೆ,
ಗುತ್ತಲು ರಸ್ತೆಯ ಪ್ರೆಸ್ಸಿನದು.
ಮಾಡೆಲ್ಲು ಸರಿಯಿತ್ತು. ರಿವಿಷನ್ನು ಒಂದಲ್ಲ, ಎರಡು.
ಒಂದೇ ಅಂಕಿ. ಮದುವೆ ಸೀಸನ್ನು.
ಆ ದುಡ್ಡು ತೀರಿಸಲು ಎರಡು ತಿಂಗಳು ದುಡಿದೆ.

ಅದಕ್ಕೇ ಇವತ್ತು ಮಂಡಿಯೂರಿ, ಧೂಳು ಊದಿ,
ಬೋರ್ಡಿನ ಮೈಮೇಲಿನ ಸಣ್ಣಕ್ಷರ
ಮೊಬೈಲು ಬೆಳಕಲ್ಲಿ ಮೂರು ಸಲ ಓದಿದೆ.
ಜವರಮ್ಮನಿಂದಲೂ ಓದಿಸಿದೆ.
ಕನ್ನಡಕ ಏರಿಸಿ ಒಂದೊಂದೇ ಅಂಕಿ ಹೇಳಿದರು,
ಹಾಲಿನ ಫ್ಯಾಟು ಕೂಗುವ ಅದೇ ದನಿಯಲ್ಲಿ.

ನೂರ ಹನ್ನೆರಡು ಹೆಂಗಸರ ಲೆಕ್ಕ ಒಂದು ಪೆನ್‌ಡ್ರೈವಿಗೆ.
ಹೊಸ ಫೈಲು ಇನ್ನೊಂದರಲ್ಲಿ, ಖಾಲಿ ಮಾಡಿ, ಒಂಟಿಯಾಗಿ.
ಹಳೆಯ ಸೆಟ್ಟಿಂಗುಗಳ ಫೋಟೋ ಹನ್ನೊಂದು.
ಉಳಿದದ್ದು ಕರೆಂಟು.

ಪಂಪ್‌ಸೆಟ್ಟಿಗೆ ತ್ರೀ ಫೇಸು ಬಿಡುವ ಗಳಿಗೆ
ಊರಿನ ಬಲ್ಬೆಲ್ಲ ಒಮ್ಮೆ ರೆಪ್ಪೆ ಬಡಿಯುತ್ತವೆ.
ಆ ಒಂದು ರೆಪ್ಪೆ ಸಾಕು,
ಇದು ಮತ್ತೆ ಕಣ್ಣು ಬಿಡದೆ ಹೋಗಲು.
ಲೈನ್‌ಮನ್ ಚೆಲುವಯ್ಯನಿಗೆ ಫೋನು ಮಾಡಿದೆ.
"ಎರಡೂವರೆಗಂಟ ಏನೂ ಇಲ್ಲ ಸಾರ್.
ಕೊಂಬೆ ಬಿದ್ರೆ ಮಾತ್ರ ನನ್ನ ಕೇಳ್ಬೇಡಿ."
ನಂಬಿದೆ. ಆದರೂ ರಾತ್ರಿಯೆಲ್ಲ ಚಾರ್ಜು ಕುಡಿದ ಯುಪಿಎಸ್ಸು
ಸ್ಕೂಟರಿನ ಮುಂದಿಟ್ಟುಕೊಂಡೇ ಬಂದಿದ್ದೆ.
ಅದಕ್ಕೆ ಪ್ರಿಂಟರಿನ ಭಾರ ಬೇಡ. ಕಿತ್ತೆ.
ಕಿಟಕಿಯಾಚೆ ಕಬ್ಬಿನ ಒಂದು ಗರಿಯೂ ಅಲುಗುತ್ತಿಲ್ಲ.

ಎಂಟರ್ ಒತ್ತಿದೆ.

ಮೊದಲು ಅಳಿಸುತ್ತದೆ, ಆಮೇಲೆ ಬರೆಯುತ್ತದೆ.
ನಡುವೆ ತಾನು ಯಾರೆಂದು ಅದಕ್ಕೆ ಗೊತ್ತಿಲ್ಲ.
ಮೌಸು ಕೂಡ ಮುಟ್ಟಬೇಡಿ ಎಂದೆ.
"ಹೆಪ್ಪು ಹಾಕಿದ್ಮೇಲೆ ಪಾತ್ರೆ ಅಲ್ಲಾಡಿಸ್ತಾರಾ?
ನಂಗೊತ್ತು ಕನಪ್ಪ" ಎಂದು
ಬಾಗಿಲಿಗೆ ಅಡ್ಡ ಕೂತರು.
ಖಾಲಿ ಕ್ಯಾನು ದರದರ ಎಳೆಯುತ್ತ ಬಂದ ಹುಡುಗನನ್ನು
ಕಣ್ಣಲ್ಲೇ ನಿಲ್ಲಿಸಿದರು.

ನಲವತ್ತೊಂದು ಪರ್ಸೆಂಟು.
ನಲವತ್ತೊಂದು.
ನಲವತ್ತೊಂದು.
ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.
ಸ್ವಿಚ್ಚಿನ ಕಡೆಗೇ ಹೋಗುವ ಕೈ ಅದು, ನನಗೆ ಗೊತ್ತು.

ನೂರು. ಆಮೇಲೆ ಪೂರಾ ಕತ್ತಲು.
ಎದ್ದಿತು, ಮಲಗಿತು, ಮತ್ತೆ ಎದ್ದಿತು.
ಬದುಕಿರುವುದನ್ನು ಸತ್ತಿತೆಂದು ಕೊಲ್ಲುವುದು
ಈ ಗಳಿಗೆಯಲ್ಲೇ.

ಪೀಂ. ಒಂದೇ ಸಲ.
ಹೊಸ ಡಿಸ್ಕಿನ ಹೆಸರು ಮೂಡಿತು. ಕೆಳಗೆ ತಾರೀಖು:
ಜನವರಿ ಒಂದು, ಹತ್ತು ವರ್ಷ ಹಿಂದಿನದು.
ಜವರಮ್ಮ ಬಗ್ಗಿ ನೋಡಿ, ಕ್ಷಣ ಏನೋ ನೆನೆದು,
"ಮೊದ್ಲು ಅದ ಸರಿ ಮಾಡು.
ಆ ರೇಟಿಗೆ ಈಗ ಯಾರು ಹಾಲು ಹಾಕ್ತಾರೆ?"

ಸರಿ ಮಾಡಿದೆ. ಫೋಟೋ ನೋಡಿ ಒಂದೊಂದೇ ಸೆಟ್ಟಿಂಗು ಕೂರಿಸಿದೆ.
ಅಂಗಳದಲ್ಲಿ ಮೊದಲ ಸ್ಟೀಲು ಕ್ಯಾನು ಕಲ್ಲಿಗೆ ತಾಗಿತು.
ಆಗ ಬಲ್ಬು ಒಮ್ಮೆ ರೆಪ್ಪೆ ಬಡಿಯಿತು.
ಇಬ್ಬರೂ ಒಟ್ಟಿಗೇ ತಿರುಗಿದೆವು.
ಯುಪಿಎಸ್ಸು ಕೀಂಯ್ ಎಂದು ಸುಮ್ಮನಾಯಿತು.
ಗಡಿಯಾರ ಎರಡು ಮೂವತ್ತೆರಡು.